ತಪೇಲಿಗೆ ತಂತಿಯ ಹಿಡಿಕೆ

ಮಳೆಗಾಲ ಮುಗಿದು ಚಳಿ ಕಾಲಿಟ್ಟಿತೆಂದರೆ, ವೆರ್ಣಾದ ಕಾರ್ಖಾನೆಗಳಲ್ಲೂ ವಾಸ್ಕೋದ ಬಂದರಿನ ಸುತ್ತಲೂ ದುಡಿಯುವ ನಮ್ಮ ಹುಡುಗ ಹುಡುಗಿಯರಿಗೆ ಡೇರೆ ಹೊತ್ತುಕೊಂಡು ಹೊರಡುವ ಹುಕಿ ಹತ್ತುತ್ತದೆ. ಮೊಲ್ಲೆಂ ಕಡೆಗೋ ನೇತ್ರಾವಳಿ ಕಡೆಗೋ ಯಾರದ್ದಾದರೂ ಅಡಿಕೆ ತೋಟದಲ್ಲಿ ಒಂದು ರಾತ್ರಿ ಕಳೆದು ಬರುವ ಲೆಕ್ಕಾಚಾರ. ಡೇರೆ ಬಾಡಿಗೆಗೆ ಸಿಗುತ್ತದೆ, ಹೊದಿಕೆ ಮನೆಯಲ್ಲಿದೆ. ಅಡುಗೆಯ ಪಾತ್ರೆಯ ಮಾತು ಬಂದಾಗ ಮಾತ್ರ ಫೋನು ತೆಗೆದು ಟೈಟಾನಿಯಂ ಪಾತ್ರೆಗಳ ಬೆಲೆ ನೋಡಿ ಎಲ್ಲರೂ ಸುಮ್ಮನಾಗುತ್ತಾರೆ. ಇನ್ನು ಕೆಲವರು ಖಾಲಿ ಡಬ್ಬಿಯೊಂದನ್ನು ಹುಡುಕಿ, ಕತ್ತರಿ ಹಿಡಿದು ಕೂರುತ್ತಾರೆ.

ಇಬ್ಬರಿಗೂ ನಾನು ಹೇಳುವುದು ಒಂದೇ. ಪಾತ್ರೆಯ ಮೈಯನ್ನು ಪಾತ್ರೆ ಅಂಗಡಿಯಿಂದ ತನ್ನಿ, ಹಿಡಿಕೆಯನ್ನೂ ಮುಚ್ಚಳವನ್ನೂ ನೀವೇ ಮಾಡಿಕೊಳ್ಳಿ. ಮನೆಯ ತಪೇಲಿಗೂ ಬಯಲಿನ ತಪೇಲಿಗೂ ವ್ಯತ್ಯಾಸ ಇರುವುದು ಅಲ್ಲಿಯೇ. ಮನೆಯಲ್ಲಿ ಕಟ್ಟೆಯಿದೆ, ಇಕ್ಕಳವಿದೆ, ಗಾಳಿ ತಡೆಯುವ ಗೋಡೆಯಿದೆ. ಬಯಲಲ್ಲಿ ಈ ಮೂರೂ ಇಲ್ಲ. ಅವುಗಳ ಕೆಲಸವನ್ನು ಪಾತ್ರೆಯೇ ಮಾಡಬೇಕು.

ಇದು ಹೊಸ ವಿದ್ಯೆಯೇನಲ್ಲ. ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಗೋವೆಗೆ ಕಟ್ಟಡದ ಕೆಲಸಕ್ಕೆ ಬಂದವರ ಶೆಡ್ಡುಗಳ ಮುಂದೆ ಬೆಳಗಿನ ಹೊತ್ತು ಹೋಗಿ ನೋಡಿ. ಹದಿನೈದು ಕಿಲೋ ಎಣ್ಣೆಯ ತಗಡಿನ ಡಬ್ಬಿಯ ಮೇಲ್ಭಾಗ ಕತ್ತರಿಸಿ, ಎದುರುಬದುರು ತೂತು ಹೊಡೆದು, ಸೆಂಟ್ರಿಂಗ್ ತಂತಿ ಎಳೆದು ಹಿಡಿಕೆ ಮಾಡಿರುತ್ತಾರೆ. ಮೂರು ಕಲ್ಲಿನ ಮೇಲೆ ಅದು ಕೂತಿರುತ್ತದೆ. ಆದರೆ ಅದರಲ್ಲಿರುವುದು ಸ್ನಾನದ ನೀರು. ಅನ್ನ ಬೇಯುವುದು ಪಕ್ಕದ ಬೋಗುಣಿಯಲ್ಲಿ. ಬಯಲಲ್ಲೇ ವರ್ಷಗಟ್ಟಲೆ ಅಡುಗೆ ಮಾಡಿದವರು ಪಾಲಿಸುವ ಈ ವಿಂಗಡಣೆಯಲ್ಲಿ ತಿಳಿವಳಿಕೆಯಿದೆ. ಹೊಸಬರು ಅದನ್ನೇ ಮೊದಲು ಕಲಿಯಬೇಕು.

ಡಬ್ಬಿಯಲ್ಲಿ ಅಡುಗೆ ಯಾಕೆ ಬೇಡ? ತಗಡಿನ ಡಬ್ಬಿಯೆಂದರೆ ಉಕ್ಕಿನ ತೆಳು ಹಾಳೆಗೆ ತವರ ಲೇಪಿಸಿದ್ದು. ತವರ 232 ಡಿಗ್ರಿಗೆ ಕರಗುತ್ತದೆ. ಒಳಗೆ ನೀರಿರುವಷ್ಟು ಹೊತ್ತು ತಳ ಅಷ್ಟು ಬಿಸಿಯಾಗುವುದಿಲ್ಲ, ಆದರೆ ನೀರಿಲ್ಲದ ಮೇಲಂಚನ್ನು ಜ್ವಾಲೆ ನೆಕ್ಕಿದರೆ ಆ ಶಾಖ ಏನೂ ದೊಡ್ಡದಲ್ಲ. ಇದರ ಜೊತೆಗೆ ಆಹಾರದ ಡಬ್ಬಿಗಳ ಒಳಮೈಗೆ ಪ್ಲಾಸ್ಟಿಕ್ ಜಾತಿಯ ತೆಳು ಲೇಪವಿರುತ್ತದೆ, ಹೊರಮೈಗೆ ಬಣ್ಣದ ಅಚ್ಚು ಇರುತ್ತದೆ. ಅದನ್ನು ಸುಟ್ಟು ತೆಗೆದರಾಯಿತು ಎಂದು ಹೇಳುವವರಿದ್ದಾರೆ. ಸುಟ್ಟಾಗ ತವರವೂ ಹೋಗುತ್ತದೆ, ಉಳಿಯುವುದು ಬೆತ್ತಲೆ ಕಬ್ಬಿಣ. ಗೋವೆಯ ಉಪ್ಪುಗಾಳಿಗೆ ಅದು ತುಕ್ಕು ಹಿಡಿಯಲು ಒಂದು ರಾತ್ರಿ ಸಾಕು. ಪೇಂಟಿನ ಡಬ್ಬಿ, ಗ್ರೀಸಿನ ಡಬ್ಬಿ, ಕೀಟನಾಶಕದ ಡಬ್ಬಿಗಳನ್ನಂತೂ ಎಷ್ಟು ತೊಳೆದರೂ ಒಲೆಯ ಹತ್ತಿರ ತರಬೇಡಿ. ಇನ್ನು ಬಿಯರ್ ಕ್ಯಾನು. ಗೋವೆಯಲ್ಲಿ ಅದಕ್ಕೆ ಬರವಿಲ್ಲ, ಹಗುರವಾಗಿಯೂ ಇದೆ. ಆದರೆ ಅದರ ಗೋಡೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಮಾತ್ರ, ಒಳಗೆ ಅದಕ್ಕೂ ಲೇಪವಿದೆ. ಅದು ಸ್ಪಿರಿಟ್ ಒಲೆ ಮಾಡಲು ಒಳ್ಳೆಯ ವಸ್ತು, ಪಾತ್ರೆ ಮಾಡಲು ಕೆಟ್ಟದ್ದು.

ಹಾಗಾದರೆ ಯಾವ ಲೋಹ? ಅಂಗಡಿಯಲ್ಲಿ ಎದುರಾಗುವುದು ಮುಖ್ಯವಾಗಿ ಅಲ್ಯೂಮಿನಿಯಂ, ಸ್ಟೀಲು. ಹಳೆಯ ಗೋವೆಯ ಮನೆಗಳಲ್ಲಿ ಸ್ನಾನದ ನೀರಿಗೆ ತಾಮ್ರದ ಹಂಡೆ ಇರುತ್ತಿತ್ತು. ಶಾಖ ಹರಿಸುವುದರಲ್ಲಿ ತಾಮ್ರಕ್ಕೆ ಸಾಟಿಯಿಲ್ಲ, ನಿಜ. ಆದರೆ ಕಲಾಯಿ ಇಲ್ಲದ ತಾಮ್ರದಲ್ಲಿ ಹುಳಿ ಬೇಯಿಸಿದರೆ ತಾಮ್ರ ಅಡುಗೆಗೆ ಇಳಿದು ವಾಂತಿ, ಹೊಟ್ಟೆನೋವು ತರುತ್ತದೆ. ಇಲ್ಲಿ ಮೀನು ಸಾರಿಗೆ ಹುಣಸೆ ಬೀಳುತ್ತದೆ, ಇಲ್ಲವೇ ಸೊಲಾಂ ಬೀಳುತ್ತದೆ, ಅಂದರೆ ನಮ್ಮ ಮುರುಗಲದ ಒಣಸಿಪ್ಪೆ. ಆದ್ದರಿಂದ ತಾಮ್ರವನ್ನು ಬಚ್ಚಲಿಗೆ ಬಿಡಿ.

ಅಲ್ಯೂಮಿನಿಯಂ ಹಗುರ, ಅಗ್ಗ, ಶಾಖವನ್ನು ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಹರಡುತ್ತದೆ. ನಮ್ಮ ದೇಶದಲ್ಲಿ ಅದರ ಪಾತ್ರೆಗಳು ಮನೆಮನೆ ಸೇರಿದ್ದಕ್ಕೆ 1898ರ ಸುಮಾರಿಗೆ ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಶುರುಮಾಡಿದ ಪ್ರಯೋಗವೂ ಒಂದು ಕಾರಣ. ಅದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನಕ್ಕೆ ಕೈಗಾರಿಕಾ ನಿರ್ದೇಶಕರಾಗಿ ಬಂದರು. ಅನ್ನ ಮಾತ್ರ ಮಾಡುವವರಿಗೆ ಇಂದಿಗೂ ದಪ್ಪ ಅಲ್ಯೂಮಿನಿಯಂ ತಪೇಲಿಯೇ ಮೇಲು, ತಳ ಹಿಡಿಯುವುದು ಕಡಿಮೆ. ಹುಳಿಗೆ ಅದು ಆಗದು. ಕೆಂಡದ ಮೇಲೆ ಖಾಲಿಯಾಗಿ ಮರೆತುಬಿಟ್ಟರೂ ಆಗದು, 660 ಡಿಗ್ರಿಗೆ ಕರಗುವ ಲೋಹ ಅದು. ಗಾಳಿ ಸಿಕ್ಕ ಸೌದೆಯ ಕೆಂಡ ಅಷ್ಟನ್ನು ಸುಲಭವಾಗಿ ದಾಟುತ್ತದೆ.

ಹೊಸಬರಿಗೆ ನನ್ನ ಆಯ್ಕೆ ಸ್ಟೀಲು. ಮಾಪುಸಾದ ಶುಕ್ರವಾರದ ಸಂತೆಗೆ ಹೋದರೂ ಸರಿ, ಮಡಗಾಂವದ ಪೇಟೆಗೆ ಹೋದರೂ ಸರಿ, ನೆಟ್ಟಗೆ ನಿಂತ ಗೋಡೆಯ, ಚಪ್ಪಟೆ ತಳದ ತಪೇಲಿ ಕೇಳಿ. ಇಲ್ಲಿಯ ಅಂಗಡಿಯವರು ಅದನ್ನು ಟೋಪ್ ಎನ್ನುತ್ತಾರೆ. ಬಾಯಿ ಸುಮಾರು 14 ಸೆಂಟಿಮೀಟರ್, ಎತ್ತರ 10 ಇರಲಿ. ಅದರಲ್ಲಿ ಒಂದೂವರೆ ಲೀಟರ್ ಹಿಡಿಯುತ್ತದೆ, ಉಕ್ಕದ ಹಾಗೆ ಬಳಸಲು ಒಂದು ಲೀಟರ್ ಸಿಗುತ್ತದೆ. ಇಬ್ಬರಿಗೆ ಸಾಕು. ಎತ್ತರಕ್ಕಿಂತ ಅಗಲ ಹೆಚ್ಚಿರುವ ಪಾತ್ರೆ ಯಾಕೆಂದರೆ ಉರಿ ತಾಗುವುದು ತಳಕ್ಕೆ. ಉದ್ದನೆಯ ಕಿರಿದಾದ ಪಾತ್ರೆಯಲ್ಲಿ ಜ್ವಾಲೆಯ ಅರ್ಧ ಪಕ್ಕಕ್ಕೆ ಹಾದು ಹೋಗುತ್ತದೆ, ಸೌಟು ಕೂಡ ತಳ ಮುಟ್ಟುವುದಿಲ್ಲ.

ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡುವವರನ್ನು ನೋಡಿರುತ್ತೀರಿ. ಅಂಟಿದರೆ ಕಳಪೆ, ಅಂಟದಿದ್ದರೆ ಅಸಲಿ ಎಂಬ ನಂಬಿಕೆ. ಅದನ್ನು ಪೂರ್ತಿ ನೆಚ್ಚಬೇಡಿ. 304 ನಂಬರಿನ ಸ್ಟೀಲು ಅಂಟುವುದಿಲ್ಲ ನಿಜ, ಆದರೆ ನಿಕ್ಕಲ್ ಕಡಿಮೆಯಿರುವ 202 ಕೂಡ ಅಂಟುವುದಿಲ್ಲ. ಒಳ್ಳೆಯ 304ನ್ನು ಒತ್ತಿ ಬಗ್ಗಿಸಿದ ಜಾಗದಲ್ಲಿ ಸ್ವಲ್ಪ ಅಂಟುವುದೂ ಉಂಟು. ತಳದಲ್ಲಿ ಮುದ್ರೆಯಿದ್ದರೆ ಓದಿ, ಇಲ್ಲದಿದ್ದರೆ ತೂಕ ನೋಡಿ ತೆಗೆದುಕೊಳ್ಳಿ. ಬೆರಳಿನಿಂದ ಗೋಡೆ ಒತ್ತಿದಾಗ ಒಳಗೆ ಹೋಗುವಷ್ಟು ತೆಳುವಾದದ್ದು ಬೇಡ.

ಒಂದು ಒಳದಾರಿಯೂ ಇದೆ. ಡೇರಿಗೆ ಹಾಲು ಹಾಕಲು ಒಯ್ಯುವ ತೂಗುಹಿಡಿಕೆಯ ಸ್ಟೀಲ್ ಕ್ಯಾನು ಇದೆಯಲ್ಲ, ಅದು ಹುಟ್ಟುವಾಗಲೇ ಬಯಲಿನ ಪಾತ್ರೆ. ಆಸ್ಟ್ರೇಲಿಯಾದ ಅಲೆಮಾರಿಗಳು ಬೆಂಕಿಯ ಮೇಲೆ ತೂಗಿಸಿ ಚಹಾ ಕಾಸುತ್ತಿದ್ದ ಬಿಲ್ಲಿ ಎಂಬ ಪಾತ್ರೆ ಹೆಚ್ಚುಕಡಿಮೆ ಇದೇ ರೂಪದ್ದು. ಹಿಡಿಕೆಯ ಪ್ಲಾಸ್ಟಿಕ್ ತೆಗೆದುಹಾಕಿದರೆ ಚಹಾ, ಗಂಜಿ, ಮ್ಯಾಗಿಗೆ ಅದು ಸಾಕು. ಕೊರಳು ಕಿರಿದಾದ್ದರಿಂದ ಒಗ್ಗರಣೆಗೂ ಪಲ್ಯಕ್ಕೂ ಒಗ್ಗುವುದಿಲ್ಲ, ಅಷ್ಟೇ.

ಈಗ ಹಿಡಿಕೆಯ ಕೆಲಸ. ಬೇಕಾದದ್ದು ಎರಡು ಮಿಲಿಮೀಟರ್ ದಪ್ಪದ ಸ್ಟೀಲ್ ತಂತಿ ಒಂದು ಮೊಳ, ಕಟಿಂಗ್ ಪ್ಲೇಯರ್, ಮೂರು ಮಿಲಿಮೀಟರಿನ ಡ್ರಿಲ್ ಬಿಟ್ಟು, ಸಣ್ಣ ದುಂಡು ಅರ, ಒಂದು ಮರದ ತುಂಡು. ಬೇಲಿಗೆ ಬಳಸುವ ಜಿಐ ತಂತಿ ಅಗ್ಗಕ್ಕೆ ಸಿಗುತ್ತದೆ, ಬಗ್ಗಿಸಲೂ ಸುಲಭ. ಆದರೆ ಅದರ ಮೇಲಿರುವುದು ಸತುವಿನ ಲೇಪ. ಸತು 419 ಡಿಗ್ರಿಗೆ ಕರಗುತ್ತದೆ, ಇನ್ನೂ ಕಾದರೆ ಏಳುವ ಹೊಗೆ ಉಸಿರಿಗೆ ಹೋದವರಿಗೆ ಜ್ವರ ಬರುತ್ತದೆ. ವೆಲ್ಡಿಂಗ್ ಮಾಡುವವರನ್ನು ಕೇಳಿದರೆ ಹೇಳುತ್ತಾರೆ. ಹಿಡಿಕೆ ಪಕ್ಕಕ್ಕೆ ಬಿದ್ದು ಜ್ವಾಲೆಗೆ ಸಿಕ್ಕುವುದು ಬಯಲಲ್ಲಿ ದಿನವೂ ಆಗುವಂಥದ್ದು, ಅದಕ್ಕೇ ಲೇಪವಿಲ್ಲದ ಸ್ಟೀಲು.

ತೂತುಗಳು ಸರಿಯಾಗಿ ಎದುರುಬದುರು ಬರಬೇಕು, ಇಲ್ಲದಿದ್ದರೆ ಪಾತ್ರೆ ವಾಲುತ್ತದೆ. ಅಳತೆಪಟ್ಟಿ ಹಿಡಿದು ಒದ್ದಾಡಬೇಡಿ. ಬಾಯಿಯ ಸುತ್ತ ಒಂದು ದಾರ ಸುತ್ತಿ, ಸುತ್ತಳತೆಗೆ ಕತ್ತರಿಸಿ, ಎರಡಾಗಿ ಮಡಚಿ. ಮಡಚಿದ ಅರ್ಧವನ್ನು ಮತ್ತೆ ಬಾಯಿಯ ಮೇಲೆ ಇಟ್ಟರೆ ಎರಡು ತುದಿಗಳು ಬೀಳುವ ಜಾಗವೇ ನಿಮ್ಮ ಗುರುತು. ಅಂಚಿನಿಂದ ಒಂದು ಸೆಂಟಿಮೀಟರಿಗಿಂತ ತುಸು ಕೆಳಗೆ ಗುರುತು ಮಾಡಿ. ಇನ್ನೂ ಕೆಳಗೆ ಹೋದರೆ ಕುದಿಯುವ ನೀರು ತೂತಿನಿಂದ ಜಿನುಗುತ್ತದೆ. ಇನ್ನೂ ಮೇಲೆ ಹೋದರೆ ಭಾರಕ್ಕೆ ಅಂಚು ಹರಿದೀತು.

ಸ್ಟೀಲು ಕೊರೆಯುವುದರಲ್ಲಿ ಹೊಸಬರು ಎಡವುವುದು ಅವಸರದಿಂದ. ಡ್ರಿಲ್ಲನ್ನು ಜೋರಾಗಿ ತಿರುಗಿಸಿ, ಕೈ ಮಾತ್ರ ಹಗುರ ಇಟ್ಟರೆ ಬಿಟ್ಟು ಮೇಲ್ಮೈಯನ್ನು ಉಜ್ಜುತ್ತದೆ, ಕೊರೆಯುವುದಿಲ್ಲ. ಉಜ್ಜಿದಷ್ಟೂ ಆ ಜಾಗ ಕಾದು ಇನ್ನೂ ಗಟ್ಟಿಯಾಗುತ್ತದೆ, ಆಮೇಲೆ ಹೊಸ ಬಿಟ್ಟಿಗೂ ಬಗ್ಗುವುದಿಲ್ಲ. ಆದ್ದರಿಂದ ವೇಗ ಕಡಿಮೆ, ಒತ್ತಡ ಹೆಚ್ಚು. ಮೊದಲು ಮೊಳೆಯಿಂದ ಸಣ್ಣ ಗುಳಿ ಬೀಳಿಸಿಕೊಳ್ಳಿ, ಬಿಟ್ಟು ಜಾರುವುದಿಲ್ಲ. ಒಳಗಿನಿಂದ ಮರದ ತುಂಡು ಆನಿಸಿ, ಒಂದು ಹನಿ ಎಣ್ಣೆ ಬಿಡಿ. ಕಣ್ಣಿಗೆ ಕನ್ನಡಕ ಇರಲಿ. ತೂತು ಬಿದ್ದ ಮೇಲೆ ಅದರ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ಒಳಗೂ ಹೊರಗೂ ಅರದಿಂದ ಉಜ್ಜಿ ನುಣುಪು ಮಾಡಿ, ಬೆರಳಾಡಿಸಿದಾಗ ಏನೂ ಚುಚ್ಚಬಾರದು. ಡ್ರಿಲ್ಲು ಇಲ್ಲದವರು ಹತ್ತಿರದ ಫ್ಯಾಬ್ರಿಕೇಶನ್ ಅಂಗಡಿಗೆ ಒಯ್ದರೆ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಅದರಲ್ಲಿ ನಾಚಿಕೆಯೇನಿಲ್ಲ.

ತಂತಿಯನ್ನು ಬಾಗಿಸಲು ತಪೇಲಿಗಿಂತ ಸ್ವಲ್ಪ ದೊಡ್ಡದಾದ ದುಂಡನೆಯ ಡಬ್ಬಿಯೊಂದನ್ನು ಅಚ್ಚಾಗಿ ಹಿಡಿಯಿರಿ. 14 ಸೆಂಟಿಮೀಟರಿನ ಪಾತ್ರೆಗೆ 36 ಸೆಂಟಿಮೀಟರ್ ತಂತಿ ಕತ್ತರಿಸಿಕೊಂಡರೆ ಕಮಾನೂ ಆಗುತ್ತದೆ, ಎರಡು ತುದಿಯ ಕೊಕ್ಕೆಗೂ ಉಳಿಯುತ್ತದೆ. ತುದಿಗಳನ್ನು ಹೊರಗಿನಿಂದ ತೂತಿಗೆ ತೂರಿಸಿ, ಒಳಗೆ ಮೇಲ್ಮುಖವಾಗಿ ಮಡಚಿ, ಕೊಕ್ಕೆಯ ತುದಿ ಅಂಚಿಗಿಂತ ಕೆಳಗೆ ನಿಲ್ಲುವಂತೆ ಕತ್ತರಿಸಿ. ಮುಚ್ಚಳ ಕೂರಲು ಅದು ಅಡ್ಡ ಬರಬಾರದು. ಇಲ್ಲೊಂದು ಸೂಕ್ಷ್ಮವಿದೆ: ಕಮಾನಿನ ಎರಡು ಕಾಲುಗಳನ್ನು ಪಾತ್ರೆಯ ಅಗಲಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿ ಬಾಗಿಸಿದರೆ ತಂತಿ ಅಂಚನ್ನು ಬಿಗಿಯಾಗಿ ಒತ್ತಿಕೊಂಡಿರುತ್ತದೆ. ಆಗ ಹಿಡಿಕೆ ನೆಟ್ಟಗೆ ನಿಲ್ಲುತ್ತದೆ, ಉರಿಯ ಕಡೆಗೆ ಬೀಳುವುದಿಲ್ಲ.

ಹಿಡಿಕೆಯನ್ನು ಬೆಂಕಿಗೆ ಒಡ್ಡುವ ಮೊದಲು ಭಾರಕ್ಕೆ ಒಡ್ಡಿ. ಬೇಯುವಾಗ ಪಾತ್ರೆಯ ಭಾರ ಒಂದೂವರೆ ಕಿಲೋ ಎಂದಿಟ್ಟುಕೊಳ್ಳಿ. ಅದರ ಎರಡು ಪಟ್ಟು ಕಲ್ಲೋ ಮರಳೋ ತುಂಬಿ, ಕಿಟಕಿಯ ಸರಳಿಗೆ ಒಂದು ರಾತ್ರಿ ತೂಗುಹಾಕಿ. ಬೆಳಿಗ್ಗೆ ಕೊಕ್ಕೆ ಬಿಚ್ಚಿಕೊಂಡಿಲ್ಲ, ತೂತು ಉದ್ದವಾಗಿಲ್ಲ ಎಂದಾದರೆ ಪಾಸು. ಕುದಿಯುವ ಸಾರು ಕಾಲಮೇಲೆ ಸುರಿದರೆ ಆಸ್ಪತ್ರೆ ದೂರವಿರುವ ಜಾಗಕ್ಕೆ ನೀವು ಹೊರಟಿದ್ದೀರಿ ಎಂಬುದು ನೆನಪಿರಲಿ.

ಮುಚ್ಚಳಕ್ಕೆ ಅದೇ ಅಳತೆಯ ಸಣ್ಣ ಸ್ಟೀಲ್ ತಟ್ಟೆ ಸಾಕು. ಕಮಾನು ಮಡಚಿದಾಗ ತಾಗದಷ್ಟು ಅಗಲವಿರಲಿ. ಹೊಸಬರು ಮುಚ್ಚಳವನ್ನು ಹಗುರವಾಗಿ ಕಾಣುತ್ತಾರೆ, ಆದ್ದರಿಂದ ಸ್ವಲ್ಪ ಲೆಕ್ಕ ಹೇಳಿಬಿಡುತ್ತೇನೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100ಕ್ಕೆ ಏರಿಸಲು ಸುಮಾರು 314 ಕಿಲೋಜೂಲ್ ಶಾಖ ಬೇಕು. ಆ ನೀರಿನಲ್ಲಿ ಬರೀ 50 ಗ್ರಾಂ ಆವಿಯಾಗಿ ಹೋದರೆ, ಅದು ತನ್ನ ಜೊತೆ 113 ಕಿಲೋಜೂಲ್ ಒಯ್ಯುತ್ತದೆ. ಅಂದರೆ ಕುದಿಸಲು ಬೇಕಾದ ಶಾಖದ ಮೂರನೇ ಒಂದು ಪಾಲಿಗೂ ಹೆಚ್ಚು ಗಾಳಿಗೆ ಹೋಯಿತು. ಮುಚ್ಚಳ ಇಲ್ಲದ ಟೈಟಾನಿಯಂ ಪಾತ್ರೆಗಿಂತ ಮುಚ್ಚಳವಿರುವ ಸಂತೆಯ ತಪೇಲಿ ಬೇಗ ಕುದಿಯುತ್ತದೆ ಎಂದು ನಾನು ಧೈರ್ಯವಾಗಿ ಹೇಳುವುದು ಈ ಲೆಕ್ಕದಿಂದಲೇ. ಟೈಟಾನಿಯಂ ಹಗುರ ಹೌದು, ಆದರೆ ಶಾಖ ಹರಡುವುದರಲ್ಲಿ ಅದು ಸ್ಟೀಲಿನಷ್ಟೇ ಮಂದ. ಅದರಲ್ಲಿ ಅನ್ನ ಮಾಡಿದವರಿಗೆ ಗೊತ್ತು.

ತಟ್ಟೆಯ ನಡುವೆ ಒಂದು ತೂತು ಕೊರೆದು, ಸ್ಟೀಲ್ ಬೋಲ್ಟು ತೂರಿಸಿ, ಮೇಲೆ ತೂತು ಕೊರೆದ ಮರದ ಗುಂಡಿಯೊಂದನ್ನು ನಟ್ಟಿನಿಂದ ಬಿಗಿಯಿರಿ. ಅಲ್ಯೂಮಿನಿಯಂ ರಿವೆಟ್ಟು ಬೇಡ, ಉರಿಗೆ ಮೆತ್ತಗಾಗುತ್ತದೆ. ತಟ್ಟೆಯ ಒಂದು ಪಕ್ಕದಲ್ಲಿ ಅಂಚಿನ ಹತ್ತಿರ ಮೂರು ಮಿಲಿಮೀಟರಿನ ಐದಾರು ತೂತುಗಳನ್ನು ಸಾಲಾಗಿ ಕೊರೆದುಕೊಳ್ಳಿ. ಆವಿ ಹೋಗಲು ದಾರಿಯಾಯಿತು, ಗಂಜಿ ಬಸಿಯಲು ಜಾಲರಿಯೂ ಆಯಿತು. ಅಂಗಡಿಯ ದುಬಾರಿ ಪಾತ್ರೆಗಳಲ್ಲಿ ಅನೇಕವು ಗಂಜಿ ಬಸಿಯುವ ಜನರನ್ನು ಮನಸ್ಸಿನಲ್ಲಿಟ್ಟು ಮಾಡಿದವಲ್ಲ.

ಕೆಲಸವೆಲ್ಲ ಮುಗಿದ ಮೇಲೆ ಎಣ್ಣೆ, ಲೋಹದ ಪುಡಿ ಹೋಗುವಂತೆ ಹುಣಸೆ ನೀರಿನಲ್ಲಿ ಒಮ್ಮೆ ಕುದಿಸಿ ಚೆಲ್ಲಿ, ಸೋಪಿನಿಂದ ತೊಳೆಯಿರಿ. ಮನೆಯ ಗ್ಯಾಸಿನ ಮೇಲೆ ಒಂದು ಸಲ ಅನ್ನ ಮಾಡಿ ನೋಡಿ. ಸೌಟಿಗೆ ತೆಂಗಿನ ಚಿಪ್ಪು, ಬಿದಿರಿನ ಕಡ್ಡಿ ಸಾಕು. ಗೋವೆಯಲ್ಲಿ ಇವೆರಡನ್ನು ದುಡ್ಡು ಕೊಟ್ಟು ತರುವವರು ಯಾರೂ ಇಲ್ಲ.

ಇನ್ನು ಬೆಂಕಿ. ಇಲ್ಲಿ ನನ್ನ ದನಿ ಸ್ವಲ್ಪ ಏರಿದರೆ ಸಹಿಸಿಕೊಳ್ಳಿ. ಕಡಲತೀರದಲ್ಲಿ ಒಲೆ ಹೂಡುವ ಆಸೆಯಿದ್ದರೆ ಬಿಟ್ಟುಬಿಡಿ. ಪ್ರವಾಸಿ ತಾಣಗಳ ರಕ್ಷಣೆಯ ಕಾನೂನಿಗೆ ಗೋವಾ ಸರ್ಕಾರ 2019ರಲ್ಲಿ ತಂದ ತಿದ್ದುಪಡಿ ಅಲ್ಲಿ ಬಯಲು ಅಡುಗೆಯನ್ನು ನಿಷೇಧಿಸಿದೆ. ಆಗ ಇಟ್ಟ ದಂಡವೇ ಒಬ್ಬರಿಗೆ 2,000 ರೂಪಾಯಿ, ಗುಂಪಿಗೆ 10,000. ಪೂರ್ವದ ಘಟ್ಟದ ಬದಿಯೋ, ಮ್ಹಾದಯಿಯಿಂದ ಕೊಟಿಗಾಂವದವರೆಗೆ ಬಹುಪಾಲು ಅಭಯಾರಣ್ಯ. ಅಭಯಾರಣ್ಯಕ್ಕೆ ಅಪಾಯ ತರುವ ಹಾಗೆ ಬೆಂಕಿ ಹೊತ್ತಿಸುವುದು, ಉರಿಯುತ್ತ ಬಿಟ್ಟುಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮಿನಂತೆ ಅಪರಾಧ. ಕಾಗದದ ಮೇಲಿನ ಮಾತೆಂದು ಅಂದುಕೊಳ್ಳಬೇಡಿ. 2023ರ ಮಾರ್ಚಿನಲ್ಲಿ ಮ್ಹಾದಯಿ ಕಾಡು ಹೊತ್ತಿ, ಉರಿ ಬೇರೆ ಬೇರೆ ಗುಡ್ಡಗಳಲ್ಲಿ ಕಾಣಿಸಿಕೊಂಡಾಗ ನೌಕಾಪಡೆ, ವಾಯುಪಡೆಯ ಹೆಲಿಕಾಪ್ಟರುಗಳು ದಿನಗಟ್ಟಲೆ ನೀರು ಸುರಿಯಬೇಕಾಯಿತು. ಗೇರು ಹಣ್ಣಾಗುವ ಆ ಕಾಲದಲ್ಲಿ ಎಲೆಯೂ ಹುಲ್ಲೂ ಗರಿಗರಿ ಒಣಗಿರುತ್ತವೆ.

ಉಳಿಯುವ ಜಾಗವೆಂದರೆ ಖಾಸಗಿ ತೋಟ. ಇಲ್ಲಿಯವರು ಕುಳಾಗರ ಎನ್ನುವ ಅಡಿಕೆ ತೆಂಗಿನ ತೋಟದ ಯಜಮಾನರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ, ಒಲೆ ಎಲ್ಲಿ ಹೂಡಬೇಕೆಂದು ಅವರೇ ತೋರಿಸಲಿ. ಹಳ್ಳದಿಂದ ಎತ್ತಿ ತಂದ ಕಲ್ಲನ್ನು ಒಲೆಗೆ ಇಡಬೇಡಿ, ಒಳಗೆ ಸೇರಿದ ನೀರು ಕಾದಾಗ ಕಲ್ಲು ಸಿಡಿಯುವುದುಂಟು. ಸೌದೆಗೆ ಒಪ್ಪಿಗೆ ಸಿಗದಿದ್ದರೆ ಸ್ಪಿರಿಟ್ ಒಲೆ. ಒಂದು ಲೀಟರ್ ಕುದಿಸಲು 30ರಿಂದ 40 ಮಿಲಿಲೀಟರ್ ಸ್ಪಿರಿಟ್ ಬೇಕಾಗುತ್ತದೆ, ಗಾಳಿಗೆ ಮರೆ ಕಟ್ಟದಿದ್ದರೆ ಇನ್ನೂ ಹೆಚ್ಚು. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಆರಿದೆಯೆಂದು ಬಾಟಲಿಯಿಂದ ಮತ್ತೆ ಸುರಿದವರ ಕೈ ಸುಟ್ಟಿದೆ. ಒಲೆ ಪೂರ್ತಿ ತಣ್ಣಗಾದ ಮೇಲೇ ತುಂಬಿಸಿ, ಡೇರೆಯ ಒಳಗೆ ಎಂದೂ ಹಚ್ಚಬೇಡಿ. ಗ್ಯಾಸ್ ಕ್ಯಾನಿಸ್ಟರಿನ ಒಲೆಯಾದರೆ ಗಾಳಿಯ ಮರೆಯನ್ನು ಸುತ್ತಲೂ ಮುಚ್ಚಬಾರದು, ಶಾಖ ಕ್ಯಾನಿಸ್ಟರಿಗೇ ತಿರುಗುತ್ತದೆ.

ಮೊದಲ ಅಡುಗೆಗೆ ಗೋವೆಯ ಉಕಡೆ ಅಕ್ಕಿ ಹಿಡಿದುಕೊಂಡು ಹೋಗಬೇಡಿ ಎನ್ನಬೇಕಿತ್ತು, ಕುಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದೆ. ಆದರೆ ಪೇಜ್, ಅಂದರೆ ಈ ಅಕ್ಕಿಯ ಗಂಜಿ, ಇಲ್ಲದ ಗೋವೆಯ ಬೆಳಗು ಯಾಕೆ ಬೇಕು? ಉಪಾಯವಿದೆ. ರಾತ್ರಿಯೇ ಅಕ್ಕಿ ನೆನೆಸಿಡಿ. ಬೆಳಿಗ್ಗೆ ಧಾರಾಳ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಮುಚ್ಚಳ ತೆರೆಯದೆ ಇಳಿಸಿ, ಕೆಳಗೆ ಒಣಹುಲ್ಲೋ ದಪ್ಪ ರಟ್ಟೋ ಹಾಕಿ, ಹಳೆಯ ಕೌದಿಯಲ್ಲಿ ಸುತ್ತಿಡಿ. ಮುಖ ತೊಳೆದು ತೋಟ ಸುತ್ತಿ ಬರುವಷ್ಟರಲ್ಲಿ ಒಳಗಿನ ಶಾಖಕ್ಕೇ ಬೆಂದಿರುತ್ತದೆ. ಕಾಳು ಇನ್ನೂ ಗಟ್ಟಿ ಎನಿಸಿದರೆ ಮತ್ತೆ ಐದು ನಿಮಿಷ ಉರಿ ತೋರಿಸಿ. ಇಂಧನ ಅರ್ಧಕ್ಕಿಳಿಯುತ್ತದೆ, ತೆಳು ಸ್ಟೀಲಿಗೆ ತಳ ಹಿಡಿಯುವ ಭಯವೂ ಇಲ್ಲ. ಗಂಜಿಯನ್ನು ಮುಚ್ಚಳದ ತೂತಿನಿಂದ ಲೋಟಕ್ಕೆ ಬಸಿದು, ಉಪ್ಪು ಹಾಕಿ, ಉಪ್ಪಿನಕಾಯಿ ನಂಚಿಕೊಂಡು ಮೊದಲು ಕುಡಿಯಿರಿ.

ಸೌದೆಯ ಒಲೆಯಾದರೆ ಪಾತ್ರೆಯನ್ನು ಉರಿಗಿಡುವ ಮೊದಲೇ ಹೊರಮೈಗೆ ಒದ್ದೆ ಬೂದಿಯನ್ನೋ ಮಣ್ಣನ್ನೋ ತೆಳುವಾಗಿ ಬಳಿಯಿರಿ. ನಮ್ಮ ಅಜ್ಜಿಯಂದಿರು ಹಬ್ಬದ ಅಡುಗೆಗೆ ಹಾಗೆಯೇ ಮಾಡುತ್ತಿದ್ದರು. ಮಸಿ ಆ ಲೇಪದ ಮೇಲೆ ಕೂತು, ತೊಳೆಯುವಾಗ ಲೇಪದ ಜೊತೆಗೇ ಉದುರುತ್ತದೆ. ತೆಂಗಿನ ನಾರಿನಿಂದ ನಾಲ್ಕು ಸಲ ತಿಕ್ಕಿದರೆ ಮುಗಿಯಿತು. ತೊಳೆಯುವ ನೀರನ್ನು ಹಳ್ಳಕ್ಕೆ ಚೆಲ್ಲದೆ ಅಡಿಕೆ ಮರದ ಬುಡಕ್ಕೆ ಹಾಕಿ. ಎಷ್ಟು ತಿಕ್ಕಿದರೂ ಒಂದಿಷ್ಟು ಮಸಿ ಉಳಿದೇ ಉಳಿಯುತ್ತದೆ, ಆದ್ದರಿಂದ ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಒಂದು ಚೀಲ ಹೊಲಿದಿಟ್ಟುಕೊಳ್ಳಿ. ತಪೇಲಿಯ ಒಳಗೆ ಸ್ಪಿರಿಟ್ ಒಲೆ, ಬೆಂಕಿಪೊಟ್ಟಣ, ಉಪ್ಪಿನ ಡಬ್ಬಿ ಹಿಡಿಯುತ್ತವೆ. ಸ್ಪಿರಿಟಿನ ಬಾಟಲಿಯನ್ನು ಮಾತ್ರ ಅದರೊಳಗೆ ಇಡದೆ, ನೀರಿನ ಬಾಟಲಿಯೆಂದು ಯಾರೂ ತಪ್ಪು ತಿಳಿಯದ ಹಾಗೆ ಗುರುತು ಹಾಕಿ ಚೀಲದ ಹೊರ ಜೇಬಿನಲ್ಲಿ ಇಡಿ.